ಭಟ್ಟಿಯ ಕಡೀ ಇಟ್ಟಂಗಿ

ಮಳಿ ಹೊಳವಾದ ಮ್ಯಾಲ ನಮ್ಮ ಹಿತ್ತಲದಾಗಿನ ಪಿಜ್ಜಾ ಭಟ್ಟಿಗಿ ಮೊದಲ ಸಲ ಬೆಂಕಿ ಹಾಕಿದಾಗ ಒಂದು ವಾಸನಿ ಬರತೈತಿ. ಮಳಿಗಾಲ ಇಡೀ ಥಂಡಿ ಕುಡದ ಇಟ್ಟಂಗಿ ಕಾಯೂ ವಾಸನಿ, ಅದರಾಗ ಸುಣ್ಣದ್ದು ಒಂದೀಟು, ಜಾಲಿ ಕಟಗೀದು ಒಂದೀಟು. ಮಂದಿಗಿ ಅದು ಹಸಿವಿನ ವಾಸನಿ. ನಮ್ಮ ಮಗಳು ಕರುಣಾ "ಪಿಜ್ಜಾ, ಪಿಜ್ಜಾ" ಅಂತ ಕುಣಕೋತ ಹಿತ್ತಲಕ್ಕ ಓಡತಾಳ. ನನ್ನ ಕೈ ಮಾತ್ರ ನನಗ ಗೊತ್ತಿಲ್ಲದಂಗ ಹೊಟ್ಟಿ ಮ್ಯಾಲ ಹೋಗಿ ಕುಂದರತೈತಿ. ಹೊಟ್ಟ್ಯಾಗ ಈಗೇನೈತ್ರಿ, ಮುಂಜಾನೆ ತಿಂದ ಎರಡು ರೊಟ್ಟಿ! ಆದ್ರೂ ಕೈಗಿ ಅದು ತಿಳಿಯೂದಿಲ್ಲ. ಮೊನ್ನೆ ಐತವಾರನೂ ಹಂಗಽ ಆತು. "ಯಾಕ ಮಮ್ಮಿ, ಹೊಟ್ಟಿ ನೋಯಾಕತ್ತೈತೇನು?" ಅಂತ ಕರುಣಾ ಕೇಳಿದ್ಲು. ಇಲ್ಲ ಬಾಳಾ, ಅಂದೆ. ಆ ಒಂದು ಮಳಿಗಾಲ ಇನ್ನೂ ನನ್ನ ಮೈಬಿಟ್ಟು ಹೋಗಿಲ್ಲ ಅಂತ ಆ ಹುಡುಗಿಗಿ ಹೆಂಗ ಹೇಳೂದು?

ಆ ವರ್ಷ ನಾ ಮೂರನೇ ಸಲ ಬಸುರಿ ಇದ್ದೆ. ಮೊದಲಿನ ಎರಡೂ ಉಳೀಲಿಲ್ಲ. ಒಂದು, ಇನ್ನಾ ಮಂದಿಗಿ ಹೇಳೂಕಿಂತ ಮೊದಲಽ ಹೋತು. ಇನ್ನೊಂದು ಆರನೇ ತಿಂಗಳದಾಗ, ಕೈಕಾಲು ಎಲ್ಲಾ ಮೂಡಿದ ಮ್ಯಾಲ. ಅದನ್ನ ನನಗ ತೋರಸಲಿಲ್ಲ. ಅದಕ್ಕಽ ಇರಬೇಕು, ಕನಸಿನ್ಯಾಗ ಅದರ ಮಾರಿ ದಿನಾ ಬ್ಯಾರೆ ಬ್ಯಾರೆ ಕಾಣತಿತ್ತು. ನನ್ನ ತವರಮನಿ ತುಕ್ಕಾನಟ್ಟಿ. ಅಲ್ಲಿಂದ ಸಮೀಪ ಅಂತ ಮೊದಲಿಂದನೂ ಗೋಕಾಕದ ಡಾಕ್ಟರಬಾಯಿ ಕಡೆ ತೋರಸತಿದ್ವಿ. "ಈ ಸಲ ಭಾರ ಎತ್ತಬ್ಯಾಡ, ಬೈಕ್ ಮ್ಯಾಲ ಅಡ್ಡಾಡಬ್ಯಾಡ, ಮನಸಿಗಿ ಏನೂ ಹಚಗೋಬ್ಯಾಡ" ಅಂದ್ರು ಅವರು. ಮೊದಲಿನ ಎರಡು ಮಾತು ಪಾಲಿಸಿದೆ. ಮೂರನೇದ್ದು ಹೆಂಗ ಪಾಲಸೂದು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹುಕ್ಕೇರ್ಯಾಗ ಒಂದು ಸಾಲ್ಯಾಗ ವಿಜ್ಞಾನ ಕಲಸತಿದ್ದೆ. ರಜಾ ಹಾಕಿ ಕಣಗಲಾದಾಗ ಗಂಡನ ಮನ್ಯಾಗ ಕುಂತೆ. ನಮ್ಮ ಮನಿಯವರು, ಮಿಲಿಂದ, ಗೋವಾದ ಒಂದು ಹೋಟೆಲಿನ್ಯಾಗ ಪಿಜ್ಜಾ ಭಟ್ಟಿ ಮುಂದ ಕೆಲಸಕ್ಕಿದ್ರು. ಹಿಂದಿನ ಎರಡೂ ಸಲ ನಾ ದವಾಖಾನ್ಯಾಗ ಮಲಗಿದ್ದಾಗ ಅವರು ಇನ್ನಾ ಬಸ್ಸಿನ್ಯಾಗ ಇದ್ರು. ಈ ಸಲ ಅಳಕೋತ ಫೋನ್ ಮಾಡಿ, "ಬರ್ರಿ, ಇಲ್ಲೇ ಏನರ ಮಾಡ್ರಿ, ನಾ ಒಬ್ಬಾಕಿನಽ ಇರಾಂಗಿಲ್ಲ" ಅಂದೆ. ಬಂದ್ರು. ಬಂದ ಮನಷಾ ಸುಮ್ನ ಕುಂದರತಾನೇನು? ಹೈವೇ ನಮ್ಮ ಮನಿಗಿ ಕೂಗಳತಿ ದೂರ. ಕೊಲ್ಹಾಪುರ, ಬೆಳಗಾವಿ ಅಂತ ಹಗಲಿಡೀ ಗಾಡಿ ಓಡತಾವು. "ಹಿತ್ತಲದಾಗ ಕಟಗೀ ಭಟ್ಟಿ ಕಟ್ಟತೇನಿ. ಶನಿವಾರ ಐತವಾರ ಪಿಜ್ಜಾ ಮಾಡಿ ಮಾರತೇನಿ. ನಡೀತಂದ್ರ ಗೋವಾ ಬಿಟ್ಟಂಗಽ" ಅಂದ್ರು. ಅಂದ್ರ ಭಟ್ಟಿ ಆದ್ರ ಗಂಡ ಮನ್ಯಾಗ, ಇಲ್ಲಾಂದ್ರ ಗೋವಾದಾಗ. ನನಗ ಭಾಳ ಖುಷಿ ಆತು. ಆ ಖುಷಿ ಬಾಜೂ ಮನಿ ಸಾವಕ್ಕ ಬರೂ ತನಕ ಇತ್ತು.

ಸಾವಕ್ಕ ಕೆಟ್ಟಾಕಿ ಅಲ್ಲ. ಕುರಿ ಸಾಕಿದ ಮನಿತನ, ಒಂದು ಎಮ್ಮಿನೂ ಕಟ್ಟಿದ್ರು. ಮಜ್ಜಿಗಿ ಕಡದ್ರ ಮೊದಲ ಚರಗಿ ನನಗಽ ತರತಿದ್ಲು. ಆವತ್ತೂ ಮಜ್ಜಿಗಿ ತಂದಾಕಿ ಹಿತ್ತಲದಾಗ ಇಟ್ಟಂಗಿ ರಾಶಿ ನೋಡಿ ನಿಂತ್ಲು. ಏನು ಕಟ್ಟಾಕತ್ತೀರಿ ಅಂತ ಕೇಳಿದ್ಲು. ಭಟ್ಟಿ, ಅಂದೆ. ಆಕಿ ಇಟ್ಟಂಗಿ ನೋಡಿದ್ಲು, ನನ್ನ ಹೊಟ್ಟಿ ನೋಡಿದ್ಲು.

"ಬಸುರಿ ಇದ್ದ ಮನ್ಯಾಗ ಗಂಡಸೂರು ಮಣ್ಣು ಕಲಸಿ ಏನೂ ಕಟ್ಟಬಾರದವಾ. ಅದರಾಗ ಒಲಿ! ಅದರ ನೆತ್ತಿ ಮುಚ್ಚಿತಂದ್ರ ಇಲ್ಲಿ ಹೊಟ್ಟ್ಯಾಗ... ಬ್ಯಾಡ ಬಿಡು, ನನ್ನ ಬಾಯಿ ಸುಡ್ಲಿ" ಅಂತ ತನ್ನ ಗಲ್ಲ ತಾನಽ ಬಡಕೊಂಡು ಹೋದ್ಲು. ಪೂರಾ ಹೇಳಿದ್ರ ಜಗಳಾನರ ಮಾಡತಿದ್ದೆ. ಅರ್ಧಾ ಹೇಳಿದ ಮಾತು ಎದ್ಯಾಗ ಹೊಕ್ಕು ಅಲ್ಲೇ ಕುಂತು ಬಿಟ್ಟಿತು.

ತುಕ್ಕಾನಟ್ಟಿಗಿ ನಮ್ಮವ್ವಗ ಫೋನ್ ಹಚ್ಚಿದೆ. ಅದೆಲ್ಲಾ ಸುಳ್ಳು ಬಿಡವಾ ಅಂತಾಳ ಅನಕೊಂಡಿದ್ದೆ. ಆಕಿ ಹಂಗ ಅನ್ನಲಿಲ್ಲ. "ಒಂದು ಇಟ್ಟಂಗಿ ಬಿಟ್ಟು ಕಟ್ಟಾಕ ಹೇಳು. ಕಡೀ ಇಟ್ಟಂಗಿ ಇಡಲಿಲ್ಲಂದ್ರ ಕೆಲಸಾ ಮುಗದಂಗಲ್ಲ. ಕೂಸು ಮನಿಗಿ ಬಂದ ಮ್ಯಾಲ ಅದನ್ನ ಇಡತಾರ" ಅಂದ್ಲು. ಯಾರಿಗಿ ಹೇಳಲಿ ಯವ್ವಾ? ನಮ್ಮ ಮನ್ಯಾಗ ಇಂಥಾ ಮಾತಿಗಿ ಜಾಗಾನಽ ಇರಲಿಲ್ಲ.

ಯಾಕಂದ್ರ ನಮ್ಮ ಮಾವಾರು. ವಯಸ್ಸಿನ್ಯಾಗಿದ್ದಾಗಲೇ ದೀಕ್ಷಾ ತಗೊಂಡು ಬೌದ್ಧರಾದವರು. ಪಡಸಾಲಿ ಗ್ವಾಡ್ಯಾಗಿನ ಮಾಡದಾಗ ನೀಲಿ ಅರಿವಿ ಹಾಸಿ ಬುದ್ಧನ ಒಂದು ಮೂರ್ತಿ ಇಟ್ಟಿದ್ರು, ಅಷ್ಟಽ. ಅಮಾಸಿ, ರಾಹುಕಾಲ, ನಿಂಬಿಹಣ್ಣು ಒಂದೂ ನಮ್ಮ ಹೊಸ್ತಲಾ ದಾಟಿ ಒಳಗ ಬರೂ ಹಂಗಿರಲಿಲ್ಲ. ಕಸಬಿಲೆ ಗೌಂಡಿ, ಮಂದಿ ಮನಿ ಕಟ್ಟಿ ಕಟ್ಟಿ ಮುದುಕರಾದವರು. ಸಾವಕ್ಕ ಅಂದದ್ದನ್ನ ಒಳಗಿಂದ ಕೇಳಿಸಿಕೊಂಡಿದ್ದ ನಮ್ಮತ್ತಿ ಊಟಕ್ಕ ಕುಂತಾಗ ಅವರಿಗಿ ಹೇಳಿದ್ಲು. ಮಾವಾರು ಗದ್ದ ಎತ್ತಿ ನಕ್ಕರು. "ಇಂಥಾ ಮಂದಿನ್ನ ರಗಡ ನೋಡೇನಿ. ಸೊಸಿ ಬಸುರಿ ಅಂತ ಅರ್ಧಾ ಗ್ವಾಡಿಗಿ ಕೆಲಸಾ ನಿಲ್ಲಸತಿದ್ರು. ಒಂದು ಇಟ್ಟಂಗಿ ಬಿಡೋ ಗೌಂಡಿ ಅಂತಿದ್ರು. ಕೂಸು ಏನು ಇಟ್ಟಂಗಿ ಎಣಿಸಿ ಹುಟ್ಟತೈತೇನು?" ಎಲ್ಲಾರೂ ನಕ್ಕರು. ನಾನೂ ನಕ್ಕೆ. ವಿಜ್ಞಾನ ಕಲಸೂ ಟೀಚರ್ ನಾನು, ನಗದಽ ಇದ್ರ ಹೆಂಗ? ನಗೂ ಮಂದಿ ನಡಬರಕ ಕುಂತು ಒಬ್ಬಾಕಿನಽ ಅಂಜೂದು ಐತಲ್ಲ, ಅದರಂಥಾ ಕಠಿಣ ಯಾವದೂ ಇಲ್ಲ.

ಗಂಡಗೂ ಹೇಳಾಕ ಬರಾಂಗಿರಲಿಲ್ಲ. ಭಟ್ಟಿ ಬ್ಯಾಡ್ರಿ ಅಂದ್ರ ಅವರು ಗೋವಾದ ಬಸ್ ಹತ್ತತಾರ. ಭಟ್ಟಿ ಆಗಲಿ ಅಂದ್ರ ಕೂಸಿಗಿ ಏನಾಗತೈತೋ. ಎತ್ತ ತಿರುಗಿದ್ರೂ ಅಂಜಿಕಿ. ಬಾಯಿ ಮುಚಗೊಂಡು ಇಟ್ಟಂಗಿ ಬೀಳೂ ಸಪ್ಪಳಾ ಕೇಳಕೋತ ಕುಂತೆ.

ಕೆಲಸಾ ಸುರು ಆತು. ಕಲ್ಲಿನ ಕಟ್ಟಿ ಕಟ್ಟಿ, ಮ್ಯಾಲ ಹಳೇ ಫೌಂಡ್ರಿಯಿಂದ ತಂದ ಬೆಂಕಿ ತಾಳೂ ಇಟ್ಟಂಗಿ ಹಾಸಿದ್ರು. ಅದರ ಮ್ಯಾಲ ಹಸಿ ಉಸುಕಿನ ದೊಡ್ಡ ಗುಂಪಿ ಹಾಕಿ, ಕೈಲೆ ತಟ್ಟಿ ತಟ್ಟಿ ದುಂಡಗ ಮಾಡಿದ್ರು. ಆ ಉಸುಕಿನ ಮ್ಯಾಲ ತೊಯಿಸಿದ ಪೇಪರ್ ಹೊದಿಸಿ, ಸುತ್ತಲೂ ಕೈಬಳಿ ಹಂಗ ಒಂದರ ಮ್ಯಾಲ ಒಂದು ಬಳಿ ಆಗಿ ಇಟ್ಟಂಗಿ ಕಟ್ಟಕೋತ ಮ್ಯಾಲ ಹೋಗೂದು. ಇಟ್ಟಂಗಿ ಬಿಗಿ ಆದ ಮ್ಯಾಲ ಒಳಗಿನ ಉಸುಕು ಭಟ್ಟಿ ಬಾಯಿಂದ ಬಳದು ತಗಿಯೂದು. ಗಂಡ ಫೋನಿನ್ಯಾಗ ವಿಡಿಯೋ ಹಚ್ಚಿ, "ಅಪ್ಪಾ, ಹಂಗಲ್ಲ, ಇಲ್ಲಿ ನೋಡು" ಅಂತಿದ್ರು. ಮಾವಾರು ಕರಣಿ ಝಾಡಿಸಿ, "ನಿನ್ನ ಫೋನಿಗಿ ಹೇಳು, ಇಲ್ಲಿ ಮಳಿ ಬರತೈತಿ ಅಂತ" ಅಂತಿದ್ರು. ತಂದಿ ಮಗಂದು ಜಗಳಾ ಕೇಳಾಕ ಚಂದ ಇರತಿತ್ತು. "ರೊಟ್ಟಿ ಮ್ಯಾಲ ಪಲ್ಯಾ ಸುರುವಿ ಒಲ್ಯಾಗ ನೂಕೂದಕ್ಕ ಇಷ್ಟು ಸಾಹಸ ಏನಪಾ" ಅಂತ ಮಾವಾರು ಚಾಷ್ಟಿ ಮಾಡಿದ್ರ, ಗಂಡ ಮಾರಿ ಉಬ್ಬಿಸಿಕೊಂಡು ಕುಂದರತಿದ್ರು.

ನಾ ಮಾತ್ರ ಆ ಉಸುಕಿನ ಗುಂಪಿ ನೋಡತಿದ್ದೆ, ನನ್ನ ಹೊಟ್ಟಿ ನೋಡಕೋತಿದ್ದೆ. ಎರಡೂ ಒಂದಽ ನಮೂನಿ. ಒಂದು ಬಳಿ ಇಟ್ಟಂಗಿ ಮುಗೀತಂದ್ರ ನಾ ಕೈ ಹಚಗೊಂಡು ಕೂಸು ಒದಿಯೂದನ್ನ ಕಾಯತಿದ್ದೆ. ಒದೀತಂದ್ರ ಹಾಂ, ಈ ಬಳಿ ಪಾರಾತು ಅಂತಿದ್ದೆ. ತಡಾ ಆತಂದ್ರ ತಣ್ಣಂದು ನೀರು ಕುಡದು, ಎಡಮಗ್ಗಲಾಗಿ ಮಲಗಿ, ಜೀವಾ ಕೈಯಾಗ ಹಿಡಕೊಂಡು ಕಾಯತಿದ್ದೆ. ಆರನೇ ತಿಂಗಳಾ ದಾಟಿತು. ದಾಟಿದ್ದಕ್ಕ ಅಂಜಿಕಿ ಕಡಿಮಿ ಆಗಬೇಕಿಲ್ಲೊ? ಆಗಲಿಲ್ಲ. ಕಳಕೊಳ್ಳೂದು ದೊಡ್ಡದಾದಂಗ ಅಂಜಿಕಿನೂ ದೊಡ್ಡದಾತು. ಹೊರಗ ಮಳಿ ಬಿಟ್ಟೂ ಬಿಡದಽ ಸುರೀತಿತ್ತು, ಭಟ್ಟಿ ಮ್ಯಾಲ ತಾಡಪತ್ರಿ ಪಟಪಟ ಬಡಕೋತಿತ್ತು.

ಒಂದಿನ ಎಲ್ಲಾ ಬಳಿ ಮುಗದು ನೆತ್ತಿ ಮ್ಯಾಲ ಒಂದು ಇಟ್ಟಂಗಿ ಜಾಗಾ ಉಳೀತು. ಅದಕ್ಕ ಮ್ಯಾಲ ಅಗಲ, ಕೆಳಗ ಸಣ್ಣ ಇರೂ ಇಟ್ಟಂಗಿ ಬೇಕು. ಮಾವಾರು ಮಧ್ಯಾಹ್ನ ಇಡೀ ಕುಂತು ಒಂದನ್ನ ಕೆತ್ತಿದ್ರು. ಅದನ್ನ ಅಂಗೈ ಮ್ಯಾಲ ಇಟಗೊಂಡು, "ನಾಳೆ ಮುಂಜಾನೆ ಇದನ್ನ ಇಟ್ರ ಮುಗೀತು" ಅಂದ್ರು. ನಾ ಅವರಿಗಿ ಚಹಾ ತಂದಿದ್ದೆ.

"ಮಾವಾರ, ಅದನ್ನ ನಾಳೇನಽ ಇಡಬೇಕೇನ್ರಿ?"

"ಯಾಕವಾ?"

"ಏನಿಲ್ರಿ, ಸುಮ್ನ ಕೇಳಿದೆ."

ಸುಮ್ನ ಅಂದೆ ಖರೆ, ಕೈಯಾಗಿನ ಕಪ್ಪು ಬಸಿ ಕಟಕಟ ಅನ್ನಾಕತ್ತಿದ್ವು. ಅವರು ನನ್ನ ಮಾರಿ ನೋಡಲಿಲ್ಲ, ಬಸಿ ನೋಡಿದ್ರು. ಚಹಾ ಇಸಕೊಂಡು ಕುಡದು ಎದ್ದು ಹೋದ್ರು.

ಮರುದಿನ ಮುಂಜಾನೆ ಆ ಇಟ್ಟಂಗಿ ಇರಲಿಲ್ಲ. ಇಟ್ಟ ಕಟ್ಟಿ ಮ್ಯಾಲ ಇಲ್ಲ, ಹಿತ್ತಲದಾಗ ಇಲ್ಲ, ಎಲ್ಲೂ ಇಲ್ಲ. ಗಂಡ ಬಣವಿ ಸಂದಿ, ಬಚ್ಚಲಾ, ಹೊರಸಿನ ಬುಡಕ ಎಲ್ಲಾ ಹುಡಕಿದ್ರು. ಮಾವಾರೂ ಬಗ್ಗಿ ಬಗ್ಗಿ ಹುಡಕಿದ್ರು. "ನಾಯಿ ಒಯ್ದಿರಬೇಕು ಬಿಡು" ಅಂದ್ರು. "ನಾಯಿ ಇಟ್ಟಂಗಿ ತಿಂತೈತೇನಪಾ?" ಅಂತ ಗಂಡ ಚೀರಿದ್ರು. ಇನ್ನೊಂದು ಕೆತ್ತು ಅಂದ್ರ, "ರಟ್ಟಿ ನೋಯಾಕತ್ತೈತಿ. ಮಳಿ ಹೊಳವಾಗಲಿ, ಕೆತ್ತತೇನಿ" ಅಂದು ಮಾವಾರು ನೆತ್ತಿ ಮ್ಯಾಲ ಒಂದು ತಗಡು ಮುಚ್ಚಿ, ಅದರ ಮ್ಯಾಲ ಕಲ್ಲು ಹೇರಿ ಬಿಟ್ರು.

ನಮ್ಮವ್ವ ಹೇಳಿದಂಗಽ ಆತು, ಒಂದು ಇಟ್ಟಂಗಿ ಉಳೀತು. ನನಗ ನೆಮ್ಮದಿ ಆಗಬೇಕಾಗಿತ್ತು. ಎಲ್ಲೀ ನೆಮ್ಮದಿ ಬಂತ್ರಿ! ಯಾರು ಒಯ್ದರು ಅನ್ನೂ ಹುಳಾ ತಲ್ಯಾಗ ಹೊಕ್ಕಿತು. ಬಸುರಿ ಮನ್ಯಾಗಿನ ಇಟ್ಟಂಗಿ ಒಯ್ದು ಮಾಟಾ ಮಾಡಸ್ಯಾರು? ಎಲ್ಲೆರ ಹುಗದಾರು? ಸಾವಕ್ಕನ ಮ್ಯಾಲ ಸಂಶೇ ಬಂತು. ಆಕಿ ತಂದ ಮಜ್ಜಿಗಿ ನಗಕೋತ ಇಸಕೊಂಡು, ಆಕಿ ಅತ್ತ ಹೋಗೂದಽ ತಡಾ, ತೆಂಗಿನ ಬುಡಕ ಸುರುವತಿದ್ದೆ. ಸಂಜಿಕೆ ಎಲ್ಲಾರೂ ಬುದ್ಧನ ಮುಂದ ಮೇಣಬತ್ತಿ ಹಚ್ಚಿ ತ್ರಿಸರಣ ಹೇಳತಿದ್ವಿ. ನನ್ನ ಬಾಯಿ ಅದನ್ನ ಹೇಳತಿತ್ತು, ಮನಸು ಬ್ಯಾರೆನಽ ಬೇಡತಿತ್ತು. ಆ ಇಟ್ಟಂಗಿ ಯಾರ ಕೈಯಾಗ ಐತೋ, ಅವರ ಕೈಯಾಗಿಂದ ಬಿಡಿಸಿ ನನ್ನ ಕೂಸಿನ್ನ ಉಳಸು ಅಂತ ದಿನಾ ಆ ಮೂರ್ತಿ ಮುಂದ ಹಣಿ ಹಚ್ಚತಿದ್ದೆ.

ಪಂಚಮಿ ಬಂತು, ಹೋತು. ಸಾವಕ್ಕನ ಮನಿ ಮುಂದ ಹುಡುಗ್ಯಾರು ಜೋಕಾಲಿ ಆಡಿದ್ರು. ಗೋವಾದಿಂದ ಹೋಟೆಲಿನವರ ಫೋನ್ ಬರಾಕತ್ತಿದ್ವು, ಬರತೀಯೋ ಇಲ್ಲೋ ಹೇಳು, ಇಲ್ಲಾಂದ್ರ ಬ್ಯಾರೆಯವರನ್ನ ತಗೋತೇವಿ ಅಂತ. ಗಂಡಗ ತಾಳ್ಮಿ ಹೋತು. ಮಾವಾರು ಸಂಕೇಶ್ವರಕ್ಕ ಹೋಗಿದ್ದ ಒಂದಿನ, ಮಧ್ಯಾಹ್ನ ಊಟಾ ಮಾಡಿ ನನಗ ಜೋಂಪು ಹತ್ತಿತ್ತು. ಹಿತ್ತಲದಾಗ ಕರಕರ ಕೆರಿಯೂ ಸಪ್ಪಳಕ್ಕ ಎಚ್ಚರಾತು. ಬಾಗಲಿಗಿ ಬಂದು ನೋಡತೇನಿ, ಗಂಡ ಬೋರಲ ಬಿದ್ದು, ರಟ್ಟಿ ತನಕ ಕೈ ಭಟ್ಟಿ ಬಾಯಾಗ ಹಾಕಿ, ಹಸಿ ಉಸುಕು ಬಳದು ಬಳದು ಹೊರಗ ಹಾಕಾಕತ್ತಾರ. ಹೊಟ್ಟಿ ಖಾಲಿ ಮಾಡಾಕತ್ತಾರ! ಬಾಗಲಾ ಹಿಡಕೊಂಡು ನಿಂತೆ. ಅವರು ತಿರುಗಿ ನನ್ನ ನೋಡಿ, "ನೋಡಿಲ್ಲಿ ಸುಜಾತಾ! ಒಳಗ ಏನೂ ಇಲ್ಲ, ಆದ್ರೂ ಹೆಂಗ ನಿಂತೈತಿ!" ಅಂತ ಉಸುಕು ಮೆತ್ತಿದ ಮಾರಿಲೆ ನಕ್ಕರು.

ಹೊಟ್ಟಿ ಮ್ಯಾಲ ಕೈ ಇಟಗೊಂಡೆ. ಏನೂ ಇಲ್ಲ. ನೀರು ಕುಡದೆ, ಬೆಲ್ಲಾ ತಿಂದೆ, ಎಡಮಗ್ಗಲಾ ಮಲಗಿದೆ. ಏನೂ ಇಲ್ಲ. ಅತ್ತೀ ಅಂತ ಕೂಗಿದೆ. ನಮ್ಮತ್ತಿ ಬಂದು ಹೊಟ್ಟಿ ಮುಟ್ಟಿ ನೋಡಿ, ಮಾರಿ ಸಪ್ಪಗ ಮಾಡಿದ್ಲು. ಡಾಕ್ಟರಬಾಯಿಗಿ ಫೋನ್ ಮಾಡಿದ್ವಿ. ಈಗಿಂದೀಗ ಹೊಂಟು ಬರ್ರಿ ಅಂದ್ರು.

ಊರಾಗಿನ ಒಬ್ಬರ ಕಾರು ತಗೊಂಡು ಹೊಂಟ್ವಿ. ಮಳಿ ಹೆಂಗ ಹೊಡೀತಿತ್ತಂದ್ರ ಮುಂದಿನ ದಾರಿ ಕಾಣವಲ್ದಾಗಿತ್ತು. ಸಂಕೇಶ್ವರ ಸ್ಟ್ಯಾಂಡಿನ ಮುಂದ ಗಂಡ ಫೋನ್ ಮಾಡಿದ್ದಕ್ಕ ಮಾವಾರು ತೊಯ್ಸಿಕೊಂಡು ನಿಂತಿದ್ರು, ಡ್ರೈವರನ ಬಾಜೂಕ ಹತ್ತಿದ್ರು. ಉಸುಕು ತಗದದ್ದನ್ನ ಗಂಡ ಸಣ್ಣ ಧ್ವನಿಲೆ ಹೇಳಿದ್ರು.

"ಬಿದ್ದಿಲ್ಲಲ್ಲ?"

"ಇಲ್ಲಪಾ, ನಿಂತ್ಕೊಂಡೈತಿ."

"ನೆತ್ತಿ ಮುಚ್ಚಿಲ್ಲಲ್ಲ?"

"ಇಟ್ಟಂಗಿ ಎಲ್ಲೈತಿ ಮುಚ್ಚಾಕ? ತಗಡಽ ಐತಿ."

ಮಾವಾರು ಹಿಂದಕ ಹೊಳ್ಳಿ ನನ್ನ ನೋಡಿದ್ರು. "ಸುಜಾತಾ, ನೆತ್ತಿ ಮುಚ್ಚಿಲ್ಲಂತ. ಕೆಲಸಾ ಇನ್ನಾ ಮುಗದಿಲ್ಲ. ತಿಳೀತಿಲ್ಲೊ ಯವ್ವಾ?" ಅಂದ್ರು. ಇಂಥಾದ್ದಕ್ಕ ನಗೂ ಮನಷಾ ಇವತ್ತು ಹಿಂಗ್ಯಾಕ ಅನ್ನಾಕತ್ತಾರ ಅಂತ ವಿಚಾರ ಮಾಡೂ ಸ್ಥಿತಿಯಾಗ ನಾ ಇರಲಿಲ್ಲ.

ಹುಕ್ಕೇರಿ ದಾಟಿ ಗೋಕಾಕದ ಹತ್ತರ ಬಂದ್ರ ಹೊಳಿ ತುಂಬಿ ನಿಂತಿತ್ತು. ಕೆಂಪು ನೀರು ಸೇತುವಿಗಿ ತಾಗೂದೊಂದಽ ಬಾಕಿ. ಪೊಲೀಸರು ಸೀಟಿ ಹೊಡದು, ಲಗೂ ದಾಟ್ರಿ, ಈಗ ಬಂದ್ ಮಾಡತೇವಿ ಅಂದ್ರು. ನಾ ಕಣ್ಣು ಮುಚ್ಚಿದೆ. ನಮ್ಮತ್ತಿ ನನ್ನ ಕೈ ಹಿಡಕೊಂಡು ಮೊದಲು ಬುದ್ಧನ್ನ ಕರದ್ಲು. ಆಮ್ಯಾಲ ತಾ ಸಣ್ಣಾಕಿದ್ದಾಗಿನ ದೇವರ ಹೆಸರು ಒಂದೊಂದಾಗಿ ಕರಕೋತ ಹೋದ್ಲು, ಯಾವದನ್ನೂ ಬಿಡಲಿಲ್ಲ. ಮುಂದ ಕುಂತ ಮಾವಾರಿಗಿ ಎಲ್ಲಾ ಕೇಳತಿತ್ತು.

ದವಾಖಾನ್ಯಾಗ ಡಾಕ್ಟರಬಾಯಿ ಹೊಟ್ಟಿ ಮ್ಯಾಲ ಮಶೀನ ಇಟ್ಟು ಅತ್ತ ಸರಿಸಿದ್ರು, ಇತ್ತ ಸರಿಸಿದ್ರು. ನಾ ಅವರ ಮಾರಿನಽ ನೋಡಾಕತ್ತಿದ್ದೆ. ಆ ಹೊತ್ತು ಎಷ್ಟಿತ್ತೋ, ನನ್ನ ಆಯುಷ್ಯದಾಗ ಅಷ್ಟು ಉದ್ದಂದು ಮತ್ತೊಂದಿಲ್ಲ. ಕಡೀಕ, "ಐತಿ. ಆದ್ರ ಸೋತೈತಿ. ಈಗಽ ಆಪರೇಷನ್ ಮಾಡಿ ತಗೀಬೇಕು" ಅಂದ್ರು.

ತಗದ್ರು. ಎಂಟು ತುಂಬೂಕಿಂತ ಮೊದಲಽ ಹುಟ್ಟಿದ ಕೂಸು, ಬೆಕ್ಕಿನ ಮರಿ ಹಂಗ ಸಣ್ಣಗ ಅತ್ತಿತು. ಈ ಸಲ ನಾ ಮಾರಿ ನೋಡಿದೆ. ನೋಡಿದ್ದಽ ತಡಾ, ಗಾಜಿನ ಪೆಟಗ್ಯಾಗ ಇಡಾಕ ಒಯ್ದರು. ಎಷ್ಟೋ ದಿನಾ ಆ ಗಾಜಿನ ಹೊರಗ ನಿಂತು, ಅದರ ಎದಿ ಮ್ಯಾಲ ಕೆಳಗ ಆಗೂದನ್ನ ಕಾಯೂದಽ ನನ್ನ ಉದ್ಯೋಗ ಆಗಿತ್ತು. ನೀರು ಇಳದ ಮ್ಯಾಲ ನಮ್ಮವ್ವ ತುಕ್ಕಾನಟ್ಟಿಯಿಂದ ಬುತ್ತಿ ಕಟಗೊಂಡು ಬಂದ್ಲು. ಗಂಡ ಗೋವಾದ ಮಾತು ತಗೀಲಿಲ್ಲ. ಹೈವೇ ಮ್ಯಾಲಿನ ಒಂದು ಧಾಬಾದಾಗ ತಂದೂರಿ ರೊಟ್ಟಿ ಸುಡಾಕ ಹತ್ತಿದ್ರು. ಮಾವಾರು ಮತ್ತೊಂದು ಇಟ್ಟಂಗಿ ಕೆತ್ತಲೇ ಇಲ್ಲ, ಇವರೂ ಕೇಳಲಿಲ್ಲ. ಭಟ್ಟಿ ತಲಿ ಮ್ಯಾಲ ತಗಡು ಹೊತ್ತು ನಿಂತಿತ್ತು.

ತವರಮನ್ಯಾಗ ಬಾಣಂತನ ಮುಗಿಸಿ ನಾ ಕೂಸಿನ ಕರಕೊಂಡು ಕಣಗಲಾಕ್ಕ ಬಂದಾಗ ಹಿಂಗಾರಿ ಜ್ವಾಳ ಮೊಣಕಾಲೆತ್ತರ ಇತ್ತು. ಹೊಸ್ತಲದಾಗ ನಿಲ್ಲಿಸಿ ನಮ್ಮತ್ತಿ ರೊಟ್ಟಿ ತುಣುಕು ನಿವಾಳಿಸಿ ಒಗದ್ಲು. ಮಾವಾರು ಅತ್ತ ಮಾರಿ ಮಾಡಿ ನಿಂತ್ರು, ಕಂಡ್ರೂ ಕಾಣದವರಂಗ. ಒಳಗ ಬಂದು ಕುಂತ ಮ್ಯಾಲ ಅವರು ಪಡಸಾಲಿ ಗ್ವಾಡಿ ಮಾಡದ ಹತ್ತರ ಹೋದ್ರು. ಬುದ್ಧನ ಮೂರ್ತಿ ಎರಡೂ ಕೈಲೆ ಎತ್ತಿ ಬಾಜೂಕ ಇಟ್ರು. ನೀಲಿ ಅರಿವಿ ಸರಿಸಿದ್ರು. ಕೆಳಗ ಆ ಇಟ್ಟಂಗಿ ಇತ್ತು.

"ನೀವಽ?" ಅಂದೆ.

"ಮತ್ತ, ಖರೇನಽ ನಾಯಿ ಒಯ್ದಿತ್ತು ಅನಕೊಂಡಿದ್ದೇನು?"

"ಅಯ್ಯ ಮಾವಾರ! ಯಾರೋ ಒಯ್ದು ಮಾಟಾ ಮಾಡಸ್ಯಾರ ಅಂತ ನಾ ಅಂಜಿ ಅಂಜಿ ಅರ್ಧಾ ಆದೆನಲ್ರಿ! ಸಾವಕ್ಕನ ಮಜ್ಜಿಗಿ ಎಲ್ಲಾ ತೆಂಗಿನ ಗಿಡಕ್ಕ ಹಾಕಿದೆ!"

ಮಾವಾರು ಹಣಿ ಬಡಕೊಂಡ್ರು. "ಹಿಂಗ ಆಗಬಾರದಿತ್ತು ನೋಡು! ನಿನ್ನ ಅಂಜಿಕಿ ತಗ್ಯಾಕ ಹೋಗಿ ನಾ ಇನ್ನೊಂದು ಅಂಜಿಕಿ ಕೊಟ್ನೇನು?" ಅಂದ್ರು. ನಮ್ಮತ್ತಿ ನಕ್ಕಳು, ಗಂಡ ನಕ್ಕರು. ನಗಬೇಕು ಅಂದಾಕಿ ನಾ ಅತ್ತು ಬಿಟ್ಟೆ.

"ಮಾವಾರ, ನೀವು ಇದನ್ನೆಲ್ಲಾ ನಂಬೂದಿಲ್ಲಲ್ರಿ?"

"ನಂಬೂದಿಲ್ಲ. ಆವತ್ತೂ ಇಲ್ಲ, ಇವತ್ತೂ ಇಲ್ಲ. ಆದ್ರ ಆವತ್ತು ನಿನ್ನ ಕೈಯಾಗ ಬಸಿ ಕಟಕಟ ಅಂತಿತ್ತು. ಅದನ್ನ ಹೆಂಗ ಸುಳ್ಳು ಅನ್ನಲಿ? ಬಾಯಿ ಬಿಟ್ಟು ಹೇಳಿದ್ರ ನೀ ನಾಚತಿದ್ದಿ, ಕಲತಾಕಿ."

ಹಿತ್ತಲಕ್ಕ ಹೋದ್ವಿ. ಗಂಡ ತಗಡು ತಗದ್ರು. ಮಾವಾರು ಕಲ್ಲಿನ ಮ್ಯಾಲ ಹತ್ತಿ ನಿಂತು, ಸುಣ್ಣಾ ಮಣ್ಣಾ ಕಲಸಿದ್ದನ್ನ ಕರಣಿಲೆ ಸವರಿ, ಇಟ್ಟಂಗಿ ನೆತ್ತಿಗಿ ಒಯ್ದರು. ಒಯ್ದ ಕೈ ಅಲ್ಲೇ ನಿಂತಿತು. ಜೀವಮಾನ ಇಡೀ ಇಟ್ಟಂಗಿ ಇಟ್ಟ ಕೈ ಅದು. ಇಡಲಿಲ್ಲ. ಇಟ್ಟಂಗಿ ಹಿಂದಕ ತಗೊಂಡು ನನ್ನ ಕಡೆ ಹೊಳ್ಳಿದ್ರು.

"ಸುಜಾತಾ, ಕೂಸು ಉಸರಾಡಾಕತ್ತೈತಿಲ್ಲೊ, ಒಮ್ಮಿ ನೋಡವಾ."

ಹೆಗಲ ಮ್ಯಾಲ ಮಲಗಿದ್ದ ಕೂಸಿನ ನೆತ್ತಿ ಮ್ಯಾಲ ಅಂಗೈ ಇಟ್ಟೆ. ಮೆತ್ತಗಿತ್ತು, ಬೆಚ್ಚಗಿತ್ತು, ಬಡಕೋತಿತ್ತು.

"ಆಡಾಕತ್ತೈತ್ರಿ ಮಾವಾರ. ಇಡ್ರಿ" ಅಂದೆ.

ಆಗ ಇಟ್ರು.